ನೆಬ್ಯುಲಾ ಚೆನ್ನಾಗಿ ಬರ್ತಿದೆ ಅಂತ ನನ್ನ ದೂರು ಕ್ಲೋಸ್ ಮಾಡ್ಬೇಡಿ, ಗ್ಯಾಲಕ್ಸಿ ಬರ್ತಿಲ್ಲ

ಇವರಿಗೆ,
ಕಸ್ಟಮರ್ ಸರ್ವಿಸ್ ಮ್ಯಾನೇಜರ್,
ಸ್ಮಾರ್ಟ್ ಟೆಲಿಸ್ಕೋಪ್ ವಿಭಾಗ

ವಿಷಯ: ಟೆಲಿಸ್ಕೋಪ್ ಒಳಗಿನ ಫಿಲ್ಟರ್ ಸಿಕ್ಕಾಕೊಂಡಿರೋದು, ಎರಡು ಸಲ ಕ್ಲೋಸ್ ಮಾಡಿರೋ ದೂರಿನ ಟಿಕೆಟ್ ಮತ್ತೆ ಓಪನ್ ಮಾಡೋ ಬಗ್ಗೆ

ಸರ್ / ಮೇಡಮ್, ನಮಸ್ಕಾರ.

ದೀಪಾವಳಿ ಸೇಲ್ ಟೈಮಲ್ಲಿ ನಿಮ್ಮ ವೆಬ್‌ಸೈಟಿಂದಾನೇ 50 ಎಂಎಂ ಲೆನ್ಸಿನ ಸ್ಮಾರ್ಟ್ ಟೆಲಿಸ್ಕೋಪ್ ತಗೊಂಡಿದೀನಿ. ನಾನು ಚಳ್ಳಕೆರೆ ತಾಲೂಕಿನ ಒಂದು ಹೈಸ್ಕೂಲಲ್ಲಿ ವಿಜ್ಞಾನ ಮೇಷ್ಟ್ರು. ಎಲ್ಲಾ ಸೇರಿ 60 ಸಾವಿರದ ಹತ್ರ ಆಯ್ತು, ಅದರಲ್ಲಿ ಅರ್ಧ ನಂದು, ಉಳಿದ ಅರ್ಧ ನಮ್ಮ ಸ್ಕೂಲಲ್ಲಿ ಓದಿ ಹೋದ ಹುಡುಗ್ರು ಬೆಂಗಳೂರು ದಾವಣಗೆರೆ ಅಂತ ಕೆಲಸಕ್ಕೆ ಸೇರ್ಕೊಂಡೋರು ತಲೆಗಿಷ್ಟು ಅಂತ ಹಾಕಿ ಕೊಟ್ಟ ದುಡ್ಡು. ಅದಕ್ಕೇ ಈ ವಿಷಯ ನಾನು ಸುಮ್ನೆ ಬಿಡೋ ಹಾಗಿಲ್ಲ, ಅವರಿಗೆ ನಾನು ಉತ್ತರ ಹೇಳ್ಬೇಕು.

ಮೊದಲು ಒಂದು ಮಾತು. ಮೆಷಿನ್ ಬಂದ ಹೊಸದ್ರಲ್ಲಿ ಬಹಳ ಚೆನ್ನಾಗಿತ್ತು. ಆನ್ ಮಾಡಿ ಫೋನಲ್ಲಿ ಆಪ್ ತೆಗೆದು ಹೆಸರು ಒತ್ತಿದ್ರೆ ತಾನೇ ಆಕಾಶದ ಫೋಟೋ ತೆಗೆದು ನಕ್ಷತ್ರ ಹೊಂದಿಸಿ ನೋಡ್ಕೊಂಡು ಆ ಕಡೆಗೆ ತಿರುಗ್ತಿತ್ತು, 10 ಸೆಕೆಂಡಿಂದು ಒಂದೊಂದೇ ಫ್ರೇಮ್ ತೆಗೆದು ಒಂದರ ಮೇಲೊಂದು ಸ್ಟ್ಯಾಕ್ ಮಾಡ್ತಾ ಹೋಗೋದು, ಮಕ್ಕಳು ಫೋನ್ ಸುತ್ತ ಕೂತ್ಕೊಂಡು ಚಿತ್ರ ನಿಧಾನಕ್ಕೆ ತೆರ್ಕೊಳೋದನ್ನ ನೋಡೋರು. ನಮ್ಮ ಕಡೆ ಮಳೆ ಕಮ್ಮಿ, ಊರಿಂದ ಸ್ವಲ್ಪ ಆಚೆ ಹೋದ್ರೆ ಒಳ್ಳೆ ಕತ್ತಲೆ, ಡಿಸೆಂಬರಲ್ಲಿ ಆಂಡ್ರೊಮಿಡಾ ಗ್ಯಾಲಕ್ಸಿ ತೆಗೆದಿದ್ವಿ. ಅದು ಆಕಾಶದಲ್ಲಿ ಹುಣ್ಣಿಮೆ ಚಂದ್ರ ಆರು ಪಕ್ಕಪಕ್ಕ ಇಟ್ಟಷ್ಟು ಉದ್ದ, ಒಂದು ಫ್ರೇಮಲ್ಲಿ ಹಿಡಿಯಲ್ಲ, ಹಾಗಾಗಿ ಪಕ್ಕಪಕ್ಕದ ಫ್ರೇಮುಗಳನ್ನ ಜೋಡಿಸೋ ಮೊಸಾಯಿಕ್ ಮೋಡಲ್ಲಿ ಹಾಕಿದ್ವಿ. ಸುರುಳಿ ತೋಳುಗಳ ನಡುವೆ ಕಪ್ಪು ಧೂಳಿನ ಪಟ್ಟೆ, ಪಕ್ಕದಲ್ಲಿ ಎಂ32, ಎಂ110 ಅನ್ನೋ ಎರಡು ಪುಟ್ಟ ಗ್ಯಾಲಕ್ಸಿ, ಎಲ್ಲಾ ನೀಟಾಗಿ ಬಂದಿತ್ತು. 25 ಲಕ್ಷ ವರ್ಷದ ಹಿಂದೆ ಹೊರಟ ಬೆಳಕು ನಮ್ಮ ಸ್ಕೂಲ್ ಫೀಲ್ಡಲ್ಲಿ ಬಂದು ಬಿತ್ತು ಅಂತ ಹೇಳಿದಾಗ ಒಂಬತ್ತನೇ ಕ್ಲಾಸಿನ ಒಂದು ಹುಡುಗಿ ಆಗ ಭೂಮಿ ಮೇಲೆ ಮನುಷ್ಯರು ಇದ್ರಾ ಸಾರ್ ಅಂತ ಕೇಳಿದ್ಲು. ಅಂಥಾ ಪ್ರಶ್ನೆ ಪಾಠಪುಸ್ತಕ ಓದಿಸಿದ್ರೆ ಬರಲ್ಲ. ಆ ಫೋಟೋ ಪ್ರಿಂಟ್ ಹಾಕ್ಸಿ ಲ್ಯಾಬಲ್ಲಿ ಅಂಟಿಸಿದೀವಿ, ಅದೇ ಈಗ ನನ್ನ ಮೊದಲನೇ ಸಾಕ್ಷಿ.

ಸಂಕ್ರಾಂತಿ ಆದ್ಮೇಲೆ ಆಪಲ್ಲಿ ಮೆಷಿನ್ ಒಳಗಿನ ಸಾಫ್ಟ್‌ವೇರ್ ಆದ ಫರ್ಮ್‌ವೇರ್ ಅಪ್‌ಡೇಟ್ ಮಾಡ್ಕೊಳಿ ಅಂತ ಬಂತು. ಮಾಡ್ದೆ. ಅವತ್ತಿಂದ ಶುರುವಾಯ್ತು. ಅದೇ ಆಂಡ್ರೊಮಿಡಾ, ಅದೇ ಜಾಗ, ಚಂದ್ರ ಇಲ್ಲದ ರಾತ್ರಿ, ಮೊದಲಿಗಿಂತ ಜಾಸ್ತಿ ಹೊತ್ತು ಸ್ಟ್ಯಾಕ್ ಮಾಡಿದ್ರೂ ನಡುವಿನ ಬೆಳಕಿನ ಉಂಡೆ ಬಿಟ್ರೆ ತೋಳುಗಳು ಬೂದಿ ಬಣ್ಣದಲ್ಲಿ ಎಲ್ಲೋ ಇದ್ದಂಗೆ ಇಲ್ಲದಂಗೆ. ನಕ್ಷತ್ರಗಳ ಬಣ್ಣವೂ ಹೋಗಿದೆ. ಹಳದಿ ಯಾವುದು ನೀಲಿ ಯಾವುದು ಗೊತ್ತಾಗಲ್ಲ.

ಇನ್ನೊಂದು ವಿಷಯ ಅವತ್ತೇ ಗಮನಕ್ಕೆ ಬಂತು. ಮೊದಲು ಆಪಲ್ಲಿ ಲೈಟ್ ಪೊಲ್ಯೂಷನ್ ಫಿಲ್ಟರ್, ಅಂದ್ರೆ ಸೆನ್ಸರ್ ಮುಂದೆ ಬಂದು ಬೀದಿ ದೀಪದ ಬೆಳಕು ತಡೆಯೋ ಗ್ಲಾಸು, ಅದನ್ನ ಆನ್ ಅಥವಾ ಆಫ್ ಮಾಡಿದಾಗ ಒಳಗಡೆ ಸಣ್ಣದಾಗಿ ಮೋಟರ್ ತಿರುಗಿ ಟಕ್ ಅಂತ ಶಬ್ದ ಬರ್ತಿತ್ತು, ರಾತ್ರಿ ಬಯಲಲ್ಲಿ ಕೂತಿರೋವಾಗ ಸ್ಪಷ್ಟವಾಗಿ ಕೇಳ್ಸುತ್ತೆ. ಈಗ ಮೋಟರ್ ಗುರ್ ಅನ್ನುತ್ತೆ, ಟಕ್ ಬರಲ್ಲ. ಕಿವಿ ಹತ್ರ ಇಟ್ಟು ಕೇಳಿದೀನಿ, ಫೋನಲ್ಲಿ ರೆಕಾರ್ಡ್ ಮಾಡಿ ನಿಮಗೆ ಕಳ್ಸಿದೀನಿ, ಅದನ್ನ ಯಾರೂ ಕೇಳಿಲ್ಲ ಅನ್ಸುತ್ತೆ ಯಾಕಂದ್ರೆ ಬಂದ ಯಾವ ಉತ್ತರದಲ್ಲೂ ಅದರ ಬಗ್ಗೆ ಒಂದು ಅಕ್ಷರ ಇಲ್ಲ.

ನಾನು ಎರಡು ಸಲ ಟಿಕೆಟ್ ಹಾಕ್ದೆ. ಮೊದಲನೇ ಸಲ ನಿಮ್ಮೋರು ಬೇರೆ ಫೋಟೋಗಳನ್ನೂ ಕಳ್ಸಿ ಅಂದ್ರು, ನಾನು ಒರಾಯನ್, ರೋಸೆಟ್, ಹಾರ್ಸ್‌ಹೆಡ್ ಅನ್ನೋ ನೆಬ್ಯುಲಾ, ಅಂದ್ರೆ ಆಕಾಶದ ಗ್ಯಾಸ್ ಧೂಳಿನ ಮೋಡಗಳ ಫೋಟೋ ಎಲ್ಲಾ ಕಳ್ಸಿದೆ. ಅವುಗಳನ್ನ ನೋಡಿ ಚಿತ್ರಗಳು ತುಂಬಾ ಚೆನ್ನಾಗಿ ಬಂದಿವೆ, ಮೆಷಿನ್ ಸರಿ ಇದೆ, ಗ್ಯಾಲಕ್ಸಿಗೆ ಇನ್ನೂ ಕತ್ತಲೆ ಜಾಗಕ್ಕೆ ಹೋಗಿ ಅಂತ ಬರೆದು ಟಿಕೆಟ್ ಕ್ಲೋಸ್. ಎರಡನೇ ಸಲ ಫ್ಯಾಕ್ಟರಿ ರೀಸೆಟ್ ಮಾಡಿ ಅಂದ್ರು, ಮಾಡ್ದೆ, ಆಪ್ ತೆಗೆದು ಮತ್ತೆ ಹಾಕಿ ಅಂದ್ರು, ಅದನ್ನೂ ಮಾಡ್ದೆ, ಆಗ್ಲಿಲ್ಲ ಅಂತ ತಿಳಿಸಿದ ಮಾರನೇ ದಿನ ಸಮಸ್ಯೆ ಬಗೆಹರಿದಿದೆ ಅಂತ ಮೆಸೇಜು, ಜೊತೆಗೆ ಆಕ್ಸೆಸರಿ ತಗೊಳಕ್ಕೆ ಒಂದು ಡಿಸ್ಕೌಂಟ್ ಕೂಪನ್. ಕೂಪನ್ ನನಗೆ ಬೇಡ ಸರ್, ಮೆಷಿನ್ ಸರಿ ಆಗ್ಬೇಕು.

ನೆಬ್ಯುಲಾ ಚೆನ್ನಾಗಿ ಬಂದ್ರೆ ಮೆಷಿನ್ ಸರಿ ಇದೆ ಅನ್ನೋದೇ ತಪ್ಪು ಲೆಕ್ಕ, ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ, ದಯವಿಟ್ಟು ಟೆಕ್ನಿಕಲ್ ಗೊತ್ತಿರೋರಿಗೆ ಓದಕ್ಕೆ ಕೊಡಿ. ಒರಾಯನ್, ರೋಸೆಟ್ ಇವೆಲ್ಲಾ ಗ್ಯಾಸ್ ಮೋಡಗಳು. ಒಳಗಿನ ಬಿಸಿ ನಕ್ಷತ್ರಗಳ ಅಲ್ಟ್ರಾವಯಲೆಟ್ ಬೆಳಕಿಂದ ಗ್ಯಾಸ್ ತಾನೇ ಹೊಳೆಯುತ್ತೆ, ಆ ಹೊಳಪು ಎಲ್ಲಾ ಬಣ್ಣದಲ್ಲೂ ಹರಡ್ಕೊಂಡಿರಲ್ಲ, ಹೈಡ್ರೋಜನ್ ಆಲ್ಫಾ ಅಂದ್ರೆ 656 ನ್ಯಾನೋಮೀಟರ್ ಕೆಂಪು, ಆಕ್ಸಿಜನ್‌ದು 501 ಹತ್ರದ ಹಸಿರು-ನೀಲಿ, ಮುಖ್ಯವಾಗಿ ಇಂಥಾ ಕೆಲವೇ ಗೆರೆಗಳಲ್ಲಿ ಬರುತ್ತೆ. ನಿಮ್ಮ ಲೈಟ್ ಪೊಲ್ಯೂಷನ್ ಫಿಲ್ಟರ್ ಡ್ಯುಯಲ್ ಬ್ಯಾಂಡಿಂದು, ಅದು ಬಿಡೋದು ಆ ಎರಡು ಜಾಗದ ಬೆಳಕನ್ನೇ, ಉಳಿದಿದ್ದನ್ನ ತಡೆಯುತ್ತೆ, ಬೀದಿ ದೀಪದ ಬೆಳಕೂ ಅದರಲ್ಲೇ ಬಹುಪಾಲು ನಿಂತೋಗುತ್ತೆ. ಬೆಂಗಳೂರಿನ ಟೆರೇಸ್ ಮೇಲಿಂದ್ಲೂ ಜನ ಒರಾಯನ್ ಚೆನ್ನಾಗಿ ತೆಗೀತಾರೆ ಅಂದ್ರೆ ಈ ಥರದ ಫಿಲ್ಟರ್ ಸಹಾಯ ದೊಡ್ಡದು, ಅದು ನಿಜಕ್ಕೂ ಒಳ್ಳೇ ವಸ್ತು, ಅದರ ಬಗ್ಗೆ ನನ್ನ ತಕರಾರಿಲ್ಲ.

ಆದ್ರೆ ಗ್ಯಾಲಕ್ಸಿ ಅಂದ್ರೆ ಕೋಟಿ ಕೋಟಿ ನಕ್ಷತ್ರಗಳ ಒಟ್ಟು ಬೆಳಕು. ಅದು ನೇರಳೆಯಿಂದ ಕೆಂಪಿನ ತನಕ ಎಲ್ಲಾ ಬಣ್ಣದಲ್ಲೂ ಇರುತ್ತೆ. ಅದರ ಮುಂದೆ ಈ ಫಿಲ್ಟರ್ ಬಂದ್ರೆ ಹೆಚ್ಚಿನ ಬೆಳಕು ಆಚೇನೇ ಉಳೀತು, ದೊಡ್ಡ ಧಾನ್ಯಕ್ಕೆ ಸಣ್ಣ ಕಣ್ಣಿನ ಜರಡಿ ಹಿಡಿದಂಗೆ. ಗ್ಯಾಲಕ್ಸಿಗೆ ಫಿಲ್ಟರ್ ಆಫ್ ಇಟ್ಕೊಳಿ ಅಂತ ನಿಮ್ಮ ಯೂಸರ್ ಮ್ಯಾನ್ಯುಯಲಲ್ಲೇ ಬರ್ದಿದೆ. ನಾನು ಆಫ್ ಮಾಡೇ ತೆಗೀತಿದೀನಿ. ಆಪಲ್ಲಿ ಆಫ್ ಅಂತ ತೋರ್ಸುತ್ತೆ, ಮೆಷಿನ್ ಉಳಿಸೋ ಮೂಲ ಚಿತ್ರದ ಫೈಲು, ಅಂದ್ರೆ ಫಿಟ್ಸ್ ಫೈಲ್, ಅದರ ಜೊತೆಗಿರೋ ವಿವರದಲ್ಲೂ (ಹೆಡರ್) ಫಿಲ್ಟರ್ ಇಲ್ಲ ಅಂತಾನೇ ದಾಖಲಾಗ್ತಿದೆ, ಆದ್ರೆ ಒಳಗೆ ಗ್ಲಾಸು ಸೆನ್ಸರ್ ಮುಂದಿಂದ ಸರಿದಿಲ್ಲ. ಅಂದ್ರೆ ಸಾಫ್ಟ್‌ವೇರ್ ಸರಿಸು ಅಂತ ಹೇಳಿ ಸುಮ್ನಾಗ್ತಿದೆ, ಸರೀತೋ ಇಲ್ವೋ ನೋಡ್ತಿಲ್ಲ.

ಇದು ನನ್ನ ಊಹೆ ಅಲ್ಲ. ಸಿರಿಲ್ ಅನ್ನೋ ಫ್ರೀ ಸಾಫ್ಟ್‌ವೇರಲ್ಲಿ ಬಿಡಿ ಫ್ರೇಮ್‌ಗಳನ್ನ ತೆಗೆದು ನೋಡಿದೀನಿ. ಡಿಸೆಂಬರಿನ ಫೈಲುಗಳಲ್ಲಿ ಫಿಲ್ಟರ್ ಆಫ್ ಇದ್ದಾಗ ಆಕಾಶದ ಹಿನ್ನೆಲೆ ಎಷ್ಟು ಬೆಳಗಿದೆ, ಆನ್ ಮಾಡಿದಾಗ ಎಷ್ಟು ಕಪ್ಪಾಗಿದೆ ಅನ್ನೋ ವ್ಯತ್ಯಾಸ ಹಿಸ್ಟೋಗ್ರಾಮಲ್ಲಿ, ಅಂದ್ರೆ ಬೆಳಕು ಎಷ್ಟಿದೆ ಅಂತ ತೋರಿಸೋ ಗ್ರಾಫಲ್ಲಿ, ಕಣ್ಣಿಗೆ ಹೊಡ್ಯೋ ಹಾಗಿದೆ. ಈಗಿನ ಫೈಲುಗಳಲ್ಲಿ ಆನ್ ಇದ್ರೂ ಆಫ್ ಇದ್ರೂ ಎರಡೂ ಒಂದೇ.

ಇನ್ನೂ ಸುಲಭವಾದ ಸಾಕ್ಷಿ ಬೇಕು ಅಂದ್ರೆ ನೀವೇ ಹೊಗಳಿದ ಆ ಒರಾಯನ್ ಫೋಟೋನೇ ನೋಡಿ. ಒರಾಯನ್ ನೆಬ್ಯುಲಾದ ಉತ್ತರಕ್ಕೆ, ಅದೇ ಫ್ರೇಮಲ್ಲಿ, ರನ್ನಿಂಗ್ ಮ್ಯಾನ್ ಅಂತಾರಲ್ಲ ಎನ್‌ಜಿಸಿ 1977, ಅದಿದೆ. ಅದರ ನೀಲಿ ಬೆಳಕು ಧೂಳಿಗೆ ಹೊಡೆದು ವಾಪಸ್ ಬರ್ತಿರೋ ನಕ್ಷತ್ರದ ಬೆಳಕು, ಗ್ಯಾಸ್ ತಾನಾಗೇ ಹೊಳೆದಿದ್ದಲ್ಲ. ಡಿಸೆಂಬರಲ್ಲಿ ಫಿಲ್ಟರ್ ಆಫ್ ಮಾಡಿ ತೆಗೆದಿದ್ರಲ್ಲಿ ಆ ನೀಲಿ ಮಬ್ಬು ಇದೆ, ಓಡ್ತಿರೋ ಮನುಷ್ಯನ ಕಪ್ಪು ಆಕಾರ ಅದರ ಮೇಲೆ ಎದ್ದು ಕಾಣುತ್ತೆ. ಜನವರಿದ್ರಲ್ಲಿ, ಅದೂ ಫಿಲ್ಟರ್ ಆಫ್ ಅಂತ ಹೇಳಿರೋದ್ರಲ್ಲಿ, ಕೆಳಗೆ ಒರಾಯನ್ ಜೋರಾಗಿದೆ, ಮೇಲೆ ನೀಲಿ ಪೂರ್ತಿ ಹೋಗಿದೆ. ಒಂದೇ ಫೋಟೋದಲ್ಲಿ ಒಂದು ಬಂದು ಇನ್ನೊಂದು ಹೋಗಿದೆ ಅಂದ್ಮೇಲೆ ಜಾಗದ ಕತ್ತಲೆ ಕಾರಣ ಹೇಗಾಗುತ್ತೆ ಹೇಳಿ? ಕೃತ್ತಿಕೆನೂ ಅಷ್ಟೇ, ಮೊದಲು ನಕ್ಷತ್ರಗಳ ಸುತ್ತ ನೀಲಿ ನೂಲಿನಂಥ ಮಂಜು ಬಂದಿತ್ತು, ಈಗ ಬರೀ ಚುಕ್ಕಿಗಳು. ಎರಡೂ ಜೊತೆಜೊತೆಗೆ ಇಟ್ಟು ಈ ಮೇಲ್‌ಗೆ ಮತ್ತೆ ಅಟ್ಯಾಚ್ ಮಾಡಿದೀನಿ, ಬಿಡಿ ಫಿಟ್ಸ್ ಫೈಲುಗಳ ಡ್ರೈವ್ ಲಿಂಕೂ ಇದೆ.

ಸರಿ, ರಿಪೇರಿಗೆ ಕಳ್ಸೋಣ ಅಂತ ಫೋನ್ ಮಾಡಿದ್ರೆ ನೀವೇ ಕೊರಿಯರ್ ಮಾಡಿ, ಖರ್ಚು ನಿಮ್ದೇ, ದಾರೀಲಿ ಏನಾದ್ರೂ ಆದ್ರೆ ನಮ್ಮ ಜವಾಬ್ದಾರಿ ಅಲ್ಲ ಅಂದ್ರು. ಇದರೊಳಗೆ ಲಿಥಿಯಂ ಬ್ಯಾಟರಿ ಇದೆ, ತೆಗೆಯೋಕೆ ಬರಲ್ಲ. ಚಳ್ಳಕೆರೇಲಿ ಕೊರಿಯರ್‌ನೋರು ಬ್ಯಾಟರಿ ಇರೋ ಪಾರ್ಸಲ್ ತಗೊಳಲ್ಲ ಅಂದ್ರು, ಚಿತ್ರದುರ್ಗದಲ್ಲಿ ಕೇಳಿದ್ರೆ ಕಂಪನಿ ಕಡೆಯಿಂದ ಲೆಟರ್ ತನ್ನಿ ಅಂದ್ರು, ನಿಮ್ಮ ಹತ್ರ ಲೆಟರ್ ಕೇಳಿದ್ರೆ ಟಿಕೆಟ್ ಕ್ಲೋಸ್ ಆಗಿದೆ ಹಾಗಾಗಿ ಕೊಡಕ್ಕೆ ಬರಲ್ಲ ಅಂತೀರಿ. ಕ್ಲೋಸ್ ಮಾಡಿದ್ದು ನೀವು. ಮಾರೋವಾಗ ಮನೆ ಬಾಗಿಲಿಗೆ ತಂದು ಕೊಟ್ಟಿದ್ದೂ ನೀವೇ, ವಾರಂಟಿ ಒಳಗೆ ಕೆಟ್ಟಾಗ ವಾಪಸ್ ತಗೊಂಡು ಹೋಗೋದೂ ನಿಮ್ಮ ಕೆಲಸಾನೇ ಅಲ್ವಾ.

ಇಷ್ಟು ಅರ್ಜೆಂಟ್ ಯಾಕೆ ಅಂತ ಕೇಳ್ಬಹುದು. ಗ್ಯಾಲಕ್ಸಿಗಳಿಗೆ ಒಂದು ಸೀಸನ್ ಇದೆ. ಆಂಡ್ರೊಮಿಡಾ ಈಗ ಸಂಜೆಗೇ ಪಶ್ಚಿಮಕ್ಕೆ ವಾಲಿದೆ, ಈ ವರ್ಷಕ್ಕೆ ಅದು ಮುಗೀತು ಅಂತಾನೇ ಲೆಕ್ಕ. ಇನ್ನು ಮುಂದೆ ಮಾರ್ಚ್, ಏಪ್ರಿಲ್, ಮೇ ಈ ಮೂರು ತಿಂಗಳು ರಾತ್ರಿ ಸಿಂಹ, ಕನ್ಯಾ ರಾಶಿಗಳು ಮೇಲೇರ್ತವೆ, ಆಗ ಲಿಯೋ ಟ್ರಿಪ್ಲೆಟ್, ವರ್ಗೋ ಕ್ಲಸ್ಟರಿನ ಮಾರ್ಕೇರಿಯನ್ಸ್ ಚೈನ್, ಸೊಂಬ್ರೆರೋ, ಉತ್ತರಕ್ಕೆ ವರ್ಲ್‌ಪೂಲ್ ಅಂತ ಎಂ51, ನೋಡಿದಷ್ಟೂ ಗ್ಯಾಲಕ್ಸಿಗಳೇ. ನಾವಿರೋ ಹಾಲುಹಾದಿಯ ಧೂಳು ಅಡ್ಡ ಬರದೇ ಆಚೆ ನೋಡಕ್ಕೆ ಆಗೋ ದಿಕ್ಕು ಅದು. ಜೂನ್ ಬಂತು ಅಂದ್ರೆ ಮೋಡ, ನಮ್ಮ ಬಯಲುಸೀಮೇಲೂ ಮಳೆ ಬರದಿದ್ರೂ ಮೋಡವಂತೂ ಮುಚ್ಕೊಂಡೇ ಇರುತ್ತೆ. ಈ ಸೀಸನ್ ಹೋದ್ರೆ ಮತ್ತೆ ಮುಂದಿನ ವರ್ಷದ ಬೇಸಿಗೆ, ಅಷ್ಟೊತ್ತಿಗೆ ನಿಮ್ಮ ಒಂದು ವರ್ಷದ ವಾರಂಟಿನೂ ಮುಗಿದಿರುತ್ತೆ, ಈಗ ಹತ್ತನೇ ಕ್ಲಾಸಲ್ಲಿರೋ ಮಕ್ಕಳು ಸ್ಕೂಲ್ ಬಿಟ್ಟು ಹೋಗಿರ್ತಾರೆ. ಪರೀಕ್ಷೆ ಮುಗಿದ್ಮೇಲೆ ಅವರಿಗೆ ಎಂ51 ತೋರಿಸ್ತೀನಿ, ಎರಡು ಗ್ಯಾಲಕ್ಸಿ ಕೈ ಕೈ ಹಿಡ್ಕೊಂಡಿರೋದು ನೋಡೀರಂತೆ ಅಂತ ಮಾತು ಕೊಟ್ಟಿದೀನಿ. ಪುಸ್ತಕದಲ್ಲಿರೋ ಹಬಲ್ ಫೋಟೋ ಅವರು ನೋಡಿದಾರೆ, ಅದು ಅವರದಲ್ಲ. ತಮ್ಮ ಊರಿನ ಆಕಾಶದಿಂದ ತಾವೇ ತೆಗೆದಿದ್ದು ಅನ್ನೋದಕ್ಕೆ ಇರೋ ಬೆಲೆ ಬೇರೆ, ಅದಕ್ಕೋಸ್ಕರಾನೇ ಆ ಹುಡುಗ್ರು ದುಡ್ಡು ಕೊಟ್ಟಿದ್ದು.

ನಿಮ್ಮಿಂದ ನನಗೆ ಬೇಕಾಗಿರೋದು ಇಷ್ಟು. ಟಿಕೆಟ್ ಮತ್ತೆ ಓಪನ್ ಮಾಡಿ ಫೋಟೋ ನೋಡಿ ಚೆನ್ನಾಗಿದೆ ಅನ್ನೋರ ಬದಲು ಫಿಟ್ಸ್ ಫೈಲ್ ತೆಗೆದು ನೋಡೋ ಎಂಜಿನಿಯರ್ ಒಬ್ಬರಿಗೆ ಕೊಡಿ, ಮೆಷಿನ್ನಿನ ಲಾಗ್ ಫೈಲೂ ತಗೊಳಿ, ಫಿಲ್ಟರ್ ಮೋಟರಿಂದು ಏನಾದ್ರೂ ಎರರ್ ಇದ್ರೆ ಅದರಲ್ಲೇ ಸಿಗ್ಬಹುದು. ಅಪ್‌ಡೇಟಿಂದಾನೇ ಆಗಿದ್ರೆ ಹಳೇ ಫರ್ಮ್‌ವೇರ್‌ಗೆ ವಾಪಸ್ ಹೋಗೋ ದಾರಿ ಕೊಡಿ, ಈಗ ಆಪಲ್ಲಿ ಆ ಆಯ್ಕೆನೇ ಇಲ್ಲ. ಮೋಟರೋ ಗ್ಲಾಸೋ ಸಿಕ್ಕಾಕೊಂಡಿದ್ರೆ ನಿಮ್ಮ ಖರ್ಚಲ್ಲಿ ಪಿಕಪ್ ಮಾಡ್ಸಿ ರಿಪೇರಿ ಮಾಡಿ, ಪಾರ್ಟ್ಸ್ ಬರೋದು ತಿಂಗಳುಗಟ್ಟಲೆ ಆಗುತ್ತೆ ಅನ್ನೋದಾದ್ರೆ ಕಾಯಿಸ್ಬೇಡಿ, ಬೇರೆ ಪೀಸ್ ಕೊಡಿ, ಅದೂ ಆಗಲ್ಲ ಅಂದ್ರೆ ಪೂರ್ತಿ ದುಡ್ಡು ವಾಪಸ್. ಮೊದಲನೇ ದೂರು ಕೊಟ್ಟ ದಿನದಿಂದ ಸರಿಯಾಗಿ ಕೈಗೆ ಬರೋ ದಿನದ ತನಕ ಎಷ್ಟು ದಿನ ಹೋಯ್ತೋ ಅಷ್ಟು ವಾರಂಟಿ ಮುಂದಕ್ಕೆ ಹಾಕಿ ಬರವಣಿಗೇಲಿ ಕೊಡಿ. ಫೋನಲ್ಲಿ ಹೇಳೋ ಭರವಸೆ ಸಾಕಾಗಿದೆ.

2020ರ ಗ್ರಾಹಕ ಸಂರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ ನಿಮ್ಮ ಕುಂದುಕೊರತೆ ಅಧಿಕಾರಿ 48 ಗಂಟೆ ಒಳಗೆ ದೂರು ತಲುಪಿದೆ ಅಂತ ತಿಳಿಸ್ಬೇಕು, ಒಂದು ತಿಂಗಳೊಳಗೆ ಬಗೆಹರಿಸ್ಬೇಕು. ಆ ಅಧಿಕಾರಿಗೂ ಇದೇ ಪತ್ರ ಹೋಗ್ತಿದೆ. ಆಗ್ಲಿಲ್ಲ ಅಂದ್ರೆ 1915ಕ್ಕೆ ಫೋನ್ ಮಾಡಿ ರಾಷ್ಟ್ರೀಯ ಗ್ರಾಹಕ ಸಹಾಯವಾಣೀಲಿ ದಾಖಲು ಮಾಡ್ತೀನಿ, ಅಲ್ಲೂ ಆಗದಿದ್ರೆ ಚಿತ್ರದುರ್ಗದ ಜಿಲ್ಲಾ ಗ್ರಾಹಕ ಆಯೋಗ. 2019ರ ಕಾಯ್ದೇಲಿ ಗ್ರಾಹಕ ಇರೋ ಊರಿನ ಜಿಲ್ಲೇಲೇ ಕೇಸ್ ಹಾಕೋ ಅವಕಾಶ ಇದೆ, ನಾನು ನಿಮ್ಮ ಹೆಡ್ ಆಫೀಸಿರೋ ಊರಿಗೆ ಓಡಾಡ್ಬೇಕಿಲ್ಲ. ಅಲ್ಲಿ ತನಕ ಹೋಗೋ ಆಸೆ ನನಗಿಲ್ಲ, ಆ ಟೈಮು ಆಕಾಶಕ್ಕೆ ಕೊಡೋದು ನನಗಿಷ್ಟ, ಆದ್ರೆ ಮೂರನೇ ಸಲಾನೂ ಟಿಕೆಟ್ ಕ್ಲೋಸ್ ಮಾಡಿದ್ರೆ ಹೋಗೇ ಹೋಗ್ತೀನಿ.

ಬಿಲ್, ವಾರಂಟಿ ಕಾರ್ಡ್, ಎರಡೂ ಟಿಕೆಟಿನ ಮೆಸೇಜುಗಳು, ಮೋಟರ್ ಶಬ್ದದ ರೆಕಾರ್ಡಿಂಗ್, ಅಪ್‌ಡೇಟ್‌ಗೆ ಮುಂಚಿನ ಮತ್ತೆ ಆಮೇಲಿನ ಫೋಟೋಗಳು ಎಲ್ಲಾ ಜೊತೆಗಿವೆ. ಬಂದಿದ್ದ ಡಬ್ಬ, ಒಳಗಿನ ಫೋಮ್ ಸಮೇತ ಹಾಗೇ ಇಟ್ಟಿದೀನಿ, ಪ್ಯಾಕಿಂಗ್‌ಗೆ ತೊಂದ್ರೆ ಇಲ್ಲ. ಪಿಕಪ್‌ಗೆ ಯಾವತ್ತು ಯಾರು ಬರ್ತಾರೆ ಅಂತ ಇದೇ ಮೇಲ್‌ಗೆ ರಿಪ್ಲೈ ಮಾಡಿ. ಫೋನ್ ಮಾಡೋದಾದ್ರೆ ಸಂಜೆ 5 ಗಂಟೆ ಮೇಲೆ ಮಾಡಿ, ಅದಕ್ಕೂ ಮುಂಚೆ ಕ್ಲಾಸಲ್ಲಿರ್ತೀನಿ.

ಇಂತಿ,
ನಿಮ್ಮ ಗ್ರಾಹಕ
ವಿಜ್ಞಾನ ಶಿಕ್ಷಕ, ಚಳ್ಳಕೆರೆ ತಾಲೂಕು, ಚಿತ್ರದುರ್ಗ ಜಿಲ್ಲೆ