ಶನಿವಾರದ ಮಾತುಕತೆ: ವಿಲಿಯಂ ಹೆನ್ರಿ ಲೂಯಿಸ್

ಎಲ್ಲರಿಗೂ ನಮಸ್ಕಾರ. ಈ ಶನಿವಾರ ರಾತ್ರಿ 8ಕ್ಕೆ ಫುಟ್‌ಬಾಲ್ ಆಟಗಾರ, ವಕೀಲ ಲೂಯಿಸ್ ಬಗ್ಗೆ ಮಾತಾಡೋಣ. ಇವರು ಆಡಿದ್ದು ಅಮೆರಿಕದ ಫುಟ್‌ಬಾಲ್, ಚೆಂಡು ಕಾಲಿಗಿಂತ ಕೈಯಲ್ಲೇ ಜಾಸ್ತಿ. ಮೆಸ್ಸಿ ಅಭಿಮಾನಿಗಳು ಬೇಜಾರಾಗಬೇಡಿ!

ಲೂಯಿಸ್ ಹುಟ್ಟಿದ್ದು 1868ರಲ್ಲಿ, ವರ್ಜೀನಿಯಾದಲ್ಲಿ. ಅಪ್ಪ ಅಮ್ಮ ಗುಲಾಮಗಿರಿಯಿಂದ ಬಿಡುಗಡೆಯಾದವರು. ಮೊದಲು ಆಮರ್ಸ್ಟ್ ಕಾಲೇಜು ತಂಡದ ನಾಯಕ. ಆಮೇಲೆ ಹಾರ್ವರ್ಡ್‌ನಲ್ಲಿ ಕಾನೂನು ಓದುತ್ತಲೇ ಸೆಂಟರ್ ಆಟಗಾರ. ಅಂದರೆ ಸಾಲಿನ ನಟ್ಟನಡುವೆ ಬಗ್ಗಿ ನಿಂತು, ಚೆಂಡನ್ನು ಹಿಂದಕ್ಕೆ ಕೊಟ್ಟು, ತಕ್ಷಣ ಎದುರಾಳಿಗೆ ಅಡ್ಡ ನಿಲ್ಲುವ ಕೆಲಸ. 1892 ಮತ್ತು 1893ರಲ್ಲಿ ಆಲ್-ಅಮೆರಿಕ ತಂಡಕ್ಕೆ, ಅಂದರೆ ಆ ವರ್ಷದ ಅತ್ಯುತ್ತಮ ಕಾಲೇಜು ಆಟಗಾರರ ಗೌರವ ಪಟ್ಟಿಗೆ ಆಯ್ಕೆಯಾದರು. ಆ ಗೌರವ ಸಿಕ್ಕ ಮೊದಲ ಕಪ್ಪು ಆಟಗಾರ ಇವರೇ.

ಇಷ್ಟಾದರೂ ಹಾರ್ವರ್ಡ್ ಇರುವ ಊರಿನ ಕ್ಷೌರದಂಗಡಿಯಲ್ಲಿ ಇವರಿಗೆ ಕ್ಷೌರ ಮಾಡಲ್ಲ ಅಂದರು. ಕಾರಣ ಮೈಬಣ್ಣ. ಲೂಯಿಸ್ ಸುಮ್ನೆ ಬಿಡಲಿಲ್ಲ, ಶಾಸನಸಭೆಯ ಬೆನ್ನುಬಿದ್ದರು. 1893ರಲ್ಲಿ ಆ ರಾಜ್ಯದ, ಅಂದರೆ ಮ್ಯಾಸಚೂಸೆಟ್ಸ್‌ನ, ಬಣ್ಣಭೇದ ತಡೆಯುವ ಕಾನೂನಿಗೆ ತಿದ್ದುಪಡಿಯಾಯಿತು. ನನಗಂತೂ ಆಟಕ್ಕಿಂತ ಇದೇ ದೊಡ್ಡದು.

ಮುಂದೆ ಹಾರ್ವರ್ಡ್‌ನಲ್ಲೇ ಕೋಚ್ ಆದರು, 1896ರಲ್ಲಿ ಆಟದ ಬಗ್ಗೆ ಪುಸ್ತಕ ಬರೆದರು. 1911ರಲ್ಲಿ ಅಮೆರಿಕದ ಅಧ್ಯಕ್ಷ ಟ್ಯಾಫ್ಟ್, ಲೂಯಿಸ್‌ರನ್ನು ಸಹಾಯಕ ಅಟಾರ್ನಿ ಜನರಲ್ (ಕೇಂದ್ರ ಸರ್ಕಾರದ ಹಿರಿಯ ವಕೀಲರಲ್ಲೊಬ್ಬರು) ಮಾಡಿದರು. ಮರುವರ್ಷ ಅಮೆರಿಕದ ವಕೀಲರ ಸಂಘವೇ ಅವರನ್ನು ಹೊರಹಾಕಲು ನೋಡಿತು. ಆ ಜಗಳದ ಕತೆ ಶನಿವಾರಕ್ಕಿರಲಿ.

ಮಾತಾಡುವವರು ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ. ಅಲ್ಲಿಯವರೆಗೆ ಗುಡ್ ಮಾರ್ನಿಂಗ್ ಫಾರ್ವರ್ಡ್‌ಗಳು ಬೇಡ, ಪ್ಲೀಸ್.