ಸಲೂನಿನ ನೆಲವನ್ನು ಫೋಟೋ ನೋಡಿ ಆರಿಸಬೇಡಿ

ಮಾನ್ಯ ಸಂಪಾದಕರೇ,

ನಿಮ್ಮ ವಾರಾಂತ್ಯದ ಪುರವಣಿಯಲ್ಲಿ ಸಲೂನ್ ಮತ್ತು ಸ್ಪಾಗಳ ಒಳಾಂಗಣದ ಬಗ್ಗೆ ಬಂದ ಲೇಖನವನ್ನು ಓದಿದೆ. ಕನ್ನಡಿ, ದೀಪ, ಗೋಡೆಯ ಬಣ್ಣಗಳಿಗೆ ಸಾಕಷ್ಟು ಜಾಗ ಕೊಟ್ಟ ಲೇಖಕರು ನೆಲಕ್ಕೆ ಬಂದಾಗ, ಹೊಳೆಯುವ ಬಿಳಿ ಅಮೃತಶಿಲೆ ಹಾಕಿಸಿದರೆ ಅಂಗಡಿಗೆ ಶ್ರೀಮಂತ ಕಳೆ ಬರುತ್ತದೆ ಎಂದು ಒಂದೇ ಸಾಲಿನಲ್ಲಿ ಕೈತೊಳೆದುಕೊಂಡಿದ್ದಾರೆ. ನಾನು ಟೈಲ್ಸ್ ಹಾಕುವ ಮೇಸ್ತ್ರಿ. ಸಲೂನುಗಳಲ್ಲಿ ಹೊಸ ನೆಲ ಹಾಕುವುದಕ್ಕಿಂತ, ಬೇರೆಯವರು ಹಾಕಿದ್ದನ್ನು ಕಿತ್ತು ಮತ್ತೆ ಹಾಕುವ ಕೆಲಸವೇ ನನಗೆ ಹೆಚ್ಚಾಗಿ ಸಿಗುತ್ತದೆ. ಹಾಗೆ ನೋಡಿದರೆ ಲೇಖಕರ ಸಲಹೆ ನನ್ನ ಹೊಟ್ಟೆಪಾಡಿಗೆ ಒಳ್ಳೆಯದೇ. ಆದರೂ ಸುಮ್ಮನಿರಲು ಮನಸ್ಸು ಒಪ್ಪಲಿಲ್ಲ.

ಅಮೃತಶಿಲೆಯ ಮೇಲೆ ನನಗೇನೂ ದ್ವೇಷವಿಲ್ಲ, ಅದು ಇರಬೇಕಾದಲ್ಲಿ ಇರಲಿ. ಅದು ಸುಣ್ಣದ ಅಂಶದ ಕಲ್ಲು, ಹುಳಿ ಅದಕ್ಕೆ ಆಗಿಬರುವುದಿಲ್ಲ. ನಿಂಬೆರಸ ಬೆರೆತ ಫೇಸ್‌ಪ್ಯಾಕ್ ಬಿದ್ದರೂ, ಶೌಚಾಲಯಕ್ಕೆಂದು ತಂದ ಆಸಿಡ್ಡನ್ನು ಯಾರಾದರೂ ಅವಸರದಲ್ಲಿ ನೆಲಕ್ಕೂ ಸುರಿದರೂ ಹೊಳಪು ಹೋಗಿ ಮಂಕು ಮಚ್ಚೆ ಮೂಡುತ್ತದೆ. ಅಲ್ಲಿ ಕಲ್ಲೇ ಸವೆದಿರುವುದರಿಂದ ಎಷ್ಟು ಉಜ್ಜಿದರೂ ಹೋಗದು. ಮೆಷಿನ್ ತಂದು ಮತ್ತೆ ಪಾಲಿಶ್ ಹೊಡೆಯಬೇಕು. ಮಸಾಜ್ ಎಣ್ಣೆಯನ್ನಂತೂ ಕಲ್ಲು ಕುಡಿದುಬಿಡುತ್ತದೆ.

ಸಲೂನಿನ ನೆಲವನ್ನು ನೋಡಬೇಕಾದರೆ ಬಾಗಿಲಲ್ಲಿ ನಿಂತು ನೋಡಬಾರದು, ಡೈ ಹಚ್ಚುವ ಕುರ್ಚಿಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ನೋಡಬೇಕು. ಬಟ್ಟಲು, ಬ್ರಷ್ಷು ಇಡುವ ಟ್ರಾಲಿ ಯಾವ ಬದಿಗೆ ನಿಲ್ಲುತ್ತದೆಯೋ ಆ ಬದಿಯಲ್ಲಿ ಟೈಲ್ಸ್ ಸ್ವಚ್ಛವಾಗಿಯೇ ಇರುತ್ತವೆ. ಟೈಲ್ಸ್ ನಡುವಿನ ಸಂದಿಗೆ ತುಂಬುವ ಗ್ರೌಟ್ ಎಂಬ ಗಾರೆಯ ಗೆರೆಗಳು ಮಾತ್ರ ಕಂದುಬಣ್ಣಕ್ಕೆ ತಿರುಗಿ ಜಾಲರಿಯಂತೆ ಎದ್ದು ಕಾಣುತ್ತವೆ. ಕಾರಣ ಸರಳ. ಹೆಚ್ಚು ಕಾವಿನಲ್ಲಿ ಸುಟ್ಟು ಗಾಜಿನಂತೆ ಬಿಗಿಗೊಳಿಸಿದ ಒಳ್ಳೆಯ ವಿಟ್ರಿಫೈಡ್ ಟೈಲ್ ನೀರು ಹೀರುವುದು ಅದರ ತೂಕದ ಶೇ 0.5ಕ್ಕಿಂತ ಕಡಿಮೆ. ಸಿಮೆಂಟ್ ಗ್ರೌಟ್‌ನ ತುಂಬಾ ಸಣ್ಣ ರಂಧ್ರಗಳು. ಶಾಶ್ವತ ಬಣ್ಣದ ಡೈ ಹಚ್ಚುವಾಗ ಅದರ ಕಣಗಳು ತೀರಾ ಚಿಕ್ಕವು. ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಸೇರಿ ಕೂದಲಿನೊಳಗೆ ಹೊಕ್ಕ ಮೇಲೆ ಒಂದಕ್ಕೊಂದು ಕೂಡಿಕೊಂಡು ದೊಡ್ಡದಾಗುತ್ತವೆ, ಹೊರಗೆ ಬರಲಾಗದೆ ಅಲ್ಲೇ ಉಳಿಯುತ್ತವೆ. ತಲೆ ತೊಳೆದರೂ ಬಣ್ಣ ಹೋಗದಿರುವುದು ಇದರಿಂದಲೇ. ಗ್ರೌಟ್‌ನಲ್ಲಿ ಇಳಿದ ಡೈಯೂ ಹಾಗೆಯೇ ಪಟ್ಟು ಹಿಡಿದು ಕೂರುತ್ತದೆ. ಅದಕ್ಕೇ ನಾನು ದೊಡ್ಡ ಅಳತೆಯ ಟೈಲ್ಸ್ ಹಾಕಿಸಿ, ಜಾಯಿಂಟ್ ಕಡಿಮೆ ಮಾಡಿ, ಇರುವ ಜಾಯಿಂಟ್‌ಗಳಿಗೆ ಸಿಮೆಂಟಿನ ಬದಲು ರಾಳದಿಂದ ಮಾಡಿದ, ಕಲೆ ಹೀರದ ಎಪಾಕ್ಸಿ ಗ್ರೌಟ್ ತುಂಬಿಸಿ ಎನ್ನುವುದು. ಎಪಾಕ್ಸಿ ಎಂದರೆ ನಮ್ಮವರಲ್ಲೇ ಅನೇಕರು ಮುಖ ಸಿಂಡರಿಸುತ್ತಾರೆ: ಕಲಸಿದ್ದು ಬೇಗ ಗಟ್ಟಿಯಾಗುತ್ತದೆ, ಟೈಲ್ ಮೇಲಿನ ಪಸೆಯನ್ನು ಆಗಿಂದಾಗಲೇ ಒರೆಸದಿದ್ದರೆ ಆಮೇಲೆ ಕೆರೆದು ತೆಗೆಯಬೇಕಾಗುತ್ತದೆ. ಮೇಸ್ತ್ರಿ ಬೇಡವೆಂದ ಮಾತ್ರಕ್ಕೆ ಮಾಲೀಕರು ಬಿಟ್ಟುಕೊಡಬಾರದು.

ಇನ್ನು ಜಾರುವ ವಿಷಯ. ಗ್ರಾಹಕರು ಟೈಲ್ ಅಂಗಡಿಯಲ್ಲಿ ಬಣ್ಣ, ಅಳತೆ, ಬೆಲೆ ಕೇಳುತ್ತಾರೆ. ಆರ್ ಸಂಖ್ಯೆ ಎಷ್ಟೆಂದು ಕೇಳಿದವರನ್ನು ನಾನು ಕಂಡದ್ದು ಅಪರೂಪ. ಎಣ್ಣೆ ಸವರಿದ ಹಲಗೆಯ ಮೇಲೆ ಶೂ ಹಾಕಿದ ಮನುಷ್ಯನನ್ನು ನಡೆಸುತ್ತಾ, ಹಲಗೆಯನ್ನು ನಿಧಾನವಾಗಿ ಓರೆ ಮಾಡುತ್ತಾ, ಯಾವ ಕೋನದಲ್ಲಿ ಅವನು ಜಾರುತ್ತಾನೆ ಎಂದು ನೋಡಿ ಕೊಡುವ ಸಂಖ್ಯೆ ಅದು. ಆರ್ 9ರಿಂದ ಆರ್ 13ರವರೆಗೆ ಇರುತ್ತದೆ, ಸಂಖ್ಯೆ ಹೆಚ್ಚಿದಷ್ಟೂ ಹಿಡಿತ ಹೆಚ್ಚು. ಆರ್ 9 ಎಂದರೆ 6ರಿಂದ 10 ಡಿಗ್ರಿ, ಆರ್ 10 ಎಂದರೆ 19 ಡಿಗ್ರಿಯವರೆಗೆ, ಆರ್ 11 ಎಂದರೆ 27ರವರೆಗೆ. ಬರಿಗಾಲಿಗೆ ಬೇರೆ ಪರೀಕ್ಷೆಯಿದೆ. ಅಲ್ಲಿ ಹಲಗೆಯ ಮೇಲೆ ಸೋಪಿನ ನೀರು ಹರಿಯುತ್ತದೆ, ಫಲಿತಾಂಶವನ್ನು ಎ, ಬಿ, ಸಿ ಎಂದು ಹೇಳುತ್ತಾರೆ, ಸಿ ಎಲ್ಲಕ್ಕಿಂತ ಹೆಚ್ಚು ಹಿಡಿತದ್ದು.

ಹಾಗೆಂದು ಎಲ್ಲ ಕಡೆಗೂ ಒರಟು ಟೈಲ್ ಹಾಕಿದರೆ ಇನ್ನೊಂದು ಫಜೀತಿ. ಕತ್ತರಿಸಿದ ಕೂದಲು ಒರಟಿನ ಸಂದುಗಳಲ್ಲಿ ಸಿಕ್ಕಿಕೊಳ್ಳುತ್ತದೆ, ವ್ಯಾಕ್ಸ್ ಅಂಟಿದರೆ ಬಿಡಿಸಲಾಗದು, ಪೊರಕೆಯೂ ಮಾಪೂ ಸೋಲುತ್ತವೆ. ಕೂದಲಿನ ಚೂರನ್ನು ಹಗುರವಾಗಿ ನೋಡಬೇಡಿ. ಕತ್ತರಿಸಿದ ತುದಿ ಮುಳ್ಳಿನಷ್ಟೇ ಚೂಪು. ಕ್ಷೌರಿಕರ ಬೆರಳಸಂದಿಯಲ್ಲಿ ಅದು ಚರ್ಮದೊಳಗೆ ಹೊಕ್ಕು ಕೀವುಗಟ್ಟುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ತೊಂದರೆ. ಬರಿಗಾಲಲ್ಲಿ ತುಳಿದರೆ ಪಾದಕ್ಕೂ ಚುಚ್ಚುತ್ತದೆ. ಆದ್ದರಿಂದ ನನ್ನ ಲೆಕ್ಕ ಹೀಗೆ: ಕೂದಲು ಕತ್ತರಿಸುವ ಜಾಗಕ್ಕೆ ಆರ್ 10ರ ಮ್ಯಾಟ್ ಟೈಲ್, ತಲೆ ತೊಳೆಯುವ ಬೇಸಿನ್ನಿನ ಸುತ್ತ ಆರ್ 11, ಸ್ನಾನ ಮತ್ತು ಸ್ಟೀಮ್ ಕೋಣೆಗೆ ಬರಿಗಾಲಿನ ಪರೀಕ್ಷೆಯಲ್ಲಿ ಬಿ ಅಥವಾ ಸಿ ಪಡೆದ ಚಿಕ್ಕ ಟೈಲ್ಸ್. ಒದ್ದೆ ಕೋಣೆಯಲ್ಲಿ ಮಾತ್ರ ಜಾಯಿಂಟ್ ಹೆಚ್ಚಿದ್ದರೆ ಒಳ್ಳೆಯದು, ಕಾಲಿಗೆ ಹಿಡಿತ ಸಿಗುತ್ತದೆ. ಅಲ್ಲಿ ಮೀಟರಿಗೆ 10ರಿಂದ 12 ಮಿಲಿಮೀಟರ್ ವಾಟ ಕೊಟ್ಟು ನೀರನ್ನು ಡ್ರೈನಿನ ಕಡೆಗೆ ಹರಿಸಬೇಕು, ಟೈಲ್ಸ್ ಕೆಳಗೆ ವಾಟರ್‌ಪ್ರೂಫಿಂಗ್ ಆಗಿರಲೇಬೇಕು. ನೆಲ ಗೋಡೆ ಸೇರುವ ಮೂಲೆಯನ್ನು ಸಣ್ಣಗೆ ಗುಂಡಾಗಿಸಿದರೆ ಅಲ್ಲಿ ಕೊಳೆ ಕೂರುವುದಿಲ್ಲ.

ಮರದ ನೋಟ ಬೇಕೆಂದು ಲ್ಯಾಮಿನೇಟ್ ಹಾಕಿಸುವವರಿಗೆ ನಾನು ಹೆಚ್ಚು ಹೇಳುವುದಿಲ್ಲ. ಒಳಗಿರುವುದು ಒತ್ತಿ ಮಾಡಿದ ಮರದ ಪುಡಿ. ಜೋಡಣೆಯಲ್ಲಿ ನೀರು ಇಳಿದರೆ ಅಂಚು ಉಬ್ಬಿ ನಿಲ್ಲುತ್ತದೆ. ವಿನೈಲ್ ಎಂಬ ಪ್ಲಾಸ್ಟಿಕ್ಕಿನ ಹಲಗೆಗಳು ಅದಕ್ಕಿಂತ ವಾಸಿ. ಮಸಾಜ್ ಕೋಣೆಗೆ ನಾನೇ ಅದನ್ನು ಹೇಳುತ್ತೇನೆ, ಪಾದಕ್ಕೆ ತಣ್ಣಗೆ ಕೊರೆಯುವುದಿಲ್ಲ, ನಡೆದರೆ ಸದ್ದಿಲ್ಲ. ಮೇಲಿನ ಸವೆತದ ಪದರ 0.5 ಮಿಲಿಮೀಟರ್ ಇರುವುದನ್ನೇ ಕೇಳಿ ತೆಗೆದುಕೊಳ್ಳಿ, ಮನೆಗೆಂದು ಮಾರುವ 0.3ರದ್ದು ಅಂಗಡಿಯ ಓಡಾಟಕ್ಕೆ ಸಾಲದು. ಉಗುರುಬಣ್ಣ ತೆಗೆಯುವ ಮೇಜಿನ ಹತ್ತಿರಕ್ಕೂ ವಿನೈಲನ್ನು ತರಬೇಡಿ. ಉಗುರುಬಣ್ಣ ಕರಗಿಸುವ ಅಸಿಟೋನ್ ದ್ರವ ಬಿದ್ದ ಕಡೆ ಅದು ಮೆತ್ತಗಾಗಿ ಗುರುತು ಉಳಿಯುತ್ತದೆ. ರಬ್ಬರ್ ತಳದ ಮ್ಯಾಟ್ ಬಹಳ ದಿನ ಒಂದೇ ಕಡೆ ಇದ್ದರೆ ಅದರಡಿ ಹಳದಿ ಬಣ್ಣ ಬರುತ್ತದೆ, ಅದನ್ನು ಯಾವ ದ್ರಾವಣವೂ ತೆಗೆಯದು.

ಲೇಖನದಲ್ಲಿ ಸುಳಿವೂ ಇಲ್ಲದ ಇನ್ನೊಂದು ಸಂಗತಿ ಕುರ್ಚಿಯ ಭಾರ. ಹೈಡ್ರಾಲಿಕ್ ಕುರ್ಚಿ, ಅದರ ಮೇಲೆ ಕೂತವರು, ಎಲ್ಲ ತೂಕವೂ ಒಂದು ದುಂಡು ತಟ್ಟೆಯ ಮೇಲೆ. ಟೈಲ್ ಕೆಳಗೆ ನಾಲ್ಕು ಮೂಲೆಗೆ ನಾಲ್ಕು ಮುದ್ದೆ ಗಾರೆ ಇಟ್ಟು ಒತ್ತಿದ್ದರೆ ನಡುವೆ ಟೊಳ್ಳು ಉಳಿದು, ಒಂದು ದಿನ ಟಪ್ಪೆಂದು ಬಿರುಕು ಬಿಡುತ್ತದೆ. ಮೇಸ್ತ್ರಿಗೆ ಹಣ ಚುಕ್ತಾ ಮಾಡುವ ಮೊದಲು ಕರಣೆಯ ಹಿಡಿಯಿಂದ ಪ್ರತಿ ಟೈಲನ್ನೂ ಮಧ್ಯದಲ್ಲಿ, ಮೂಲೆಯಲ್ಲಿ ತಟ್ಟಿ ನೋಡಿ. ಗಟ್ಟಿ ಇದ್ದ ಕಡೆ ಸದ್ದು ಮೊಟಕಾಗಿರುತ್ತದೆ, ಟೊಳ್ಳಿದ್ದ ಕಡೆ ಡಬ್ಬದ ಸದ್ದು. ಕಿವಿ ತಾನೇ ಹೇಳುತ್ತದೆ.

ಗಟ್ಟಿ ನೆಲದ ಮೇಲೆ ಇಡೀ ದಿನ ನಿಲ್ಲುವವರ ಸೊಂಟ, ಮೀನಖಂಡಗಳ ಪಾಡನ್ನು ಯಾವ ವಿನ್ಯಾಸಕಾರರೂ ಚಿತ್ರದಲ್ಲಿ ಬರೆಯುವುದಿಲ್ಲ. ಕುರ್ಚಿಯ ಸುತ್ತ ಅಂಚು ಇಳಿಜಾರಾಗಿರುವ ಮೆತ್ತನೆಯ ಮ್ಯಾಟ್ ಹಾಕಿದರೆ ಅವರಿಗೆ ಉಪಕಾರ. ದಪ್ಪ ಅಂಚಿನದಾದರೆ ಎಡವುತ್ತಾರೆ. ಬಣ್ಣದ ಆಯ್ಕೆಯನ್ನೂ ಅವರಿಗೇ ಬಿಡುವುದು ಲೇಸು. ಹೊಳೆಯುವ ಕೆಂಪು ಅಥವಾ ಹಸಿರು ನೆಲ ತನ್ನ ಛಾಯೆಯನ್ನು ಮೇಲಕ್ಕೆ ಎಸೆಯುತ್ತದೆ, ಡೈಯ ನಿಜವಾದ ಬಣ್ಣ ಅಂದಾಜು ಮಾಡುವುದು ಕಷ್ಟ. ಅಚ್ಚ ಬಿಳಿ ನೆಲದ ಮೇಲೆ ಕರಿಕೂದಲು, ಅಚ್ಚ ಕಪ್ಪಿನ ಮೇಲೆ ನರೆಗೂದಲು ಮತ್ತು ಧೂಳು ಎದ್ದು ಕಾಣುತ್ತವೆ. ಬೂದು ನನಗೆ ಇಷ್ಟವಾದ ಬಣ್ಣವೇನಲ್ಲ, ಆದರೆ ಇಲ್ಲಿ ಅದೇ ಸರಿ.

ಮುಂದಿನ ಸಲ ಇಂಥ ಲೇಖನ ಬರೆಸುವಾಗ ಸಲೂನಿನಲ್ಲಿ ನೆಲ ಒರೆಸುವವರೊಬ್ಬರನ್ನಾದರೂ ಮಾತನಾಡಿಸಿ ಎಂದು ವಿನಂತಿ. ಓದುಗರಿಗೆ ಒಂದು ಮಾತು: ಆರಿಸಿದ ಟೈಲಿನ ಒಂದು ತುಂಡನ್ನು ಮೊದಲೇ ತಂದು, ಅದರ ಮೇಲೆ ಡೈ, ಎಣ್ಣೆ, ಅಸಿಟೋನ್ ಬಿಟ್ಟು, ರಾತ್ರಿ ಕಳೆದ ಮೇಲೆ ಒರೆಸಿ ನೋಡಿ. ಒಪ್ಪಿಗೆಯಾದರೆ ಅದೇ ಬ್ಯಾಚ್ ಸಂಖ್ಯೆಯ ಒಂದು ಪೆಟ್ಟಿಗೆಯನ್ನು ಹೆಚ್ಚಿಗೆ ಕೊಂಡು ಅಟ್ಟದ ಮೇಲೆ ಇಟ್ಟುಕೊಳ್ಳಿ. ಮುಂದೆ ಒಂದು ಟೈಲ್ ಒಡೆದರೆ, ಬೇರೆ ಬ್ಯಾಚಿನ ಛಾಯೆ ಹೊಂದುವುದಿಲ್ಲ.

ಇತಿ,
ಟೈಲ್ಸ್ ಮೇಸ್ತ್ರಿ, ನಿಮ್ಮ ಪತ್ರಿಕೆಯ ಓದುಗ