ಕೋವಿ ಬಗ್ಗಿಲ್ಲ ಅಪ್ಪ

ಟಲ್ಸಾ, ಒಕ್ಲಹೋಮಾ
ನವೆಂಬರ್, ಭಾನುವಾರ ರಾತ್ರಿ

ಪ್ರೀತಿಯ ಅಪ್ಪನಿಗೆ,

ಬೊಳ್ಳು ಮಾಡುವ ನಮಸ್ಕಾರಗಳು. ನಾನು ಕ್ಷೇಮ. ಅಲ್ಲಿ ಎಲ್ಲರೂ ಕ್ಷೇಮ ಎಂದು ನಂಬಿದ್ದೆ. ಅವ್ವನ ಕಾಗದ ಬಂದ ಮೇಲೆ ಆ ನಂಬಿಕೆ ಹೋಯಿತು. ಆ ಕಾಗದವನ್ನು ಪೂವಿ ಮಾವಿಯ ಮಗ ಕಾಚಂಪುಳಿಯ ಹುಳಿರಸ, ಕಾಫಿ ಪುಡಿ ಜೊತೆ ತಂದು ಕೊಟ್ಟ. ದಯವಿಟ್ಟು ಅವ್ವನನ್ನು ಬೈಯಬೇಡಿ. ಫೋನಿನಲ್ಲಿ ಹೇಳೋಣ ಅಂದರೆ ನೀವು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿರುತ್ತೀರಂತೆ. ಪಾಪ, ಇನ್ನೇನು ಮಾಡುತ್ತಾರೆ?

ಅಕ್ಷರ ದಪ್ಪಗೆ ಬರೆಯುತ್ತಿದ್ದೇನೆ. ಆದರೂ ಓದಲು ಕಷ್ಟವಾದರೆ ಬೋಪುವಿನ ಕೈಗೆ ಕೊಡಿ, ಗಟ್ಟಿಯಾಗಿ ಓದಲಿ.

ಕೋವಿ ಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ತೆಂಗಿನಕಾಯಿಗೆ ಮೂರು ಗುಂಡು ಹೊಡೆದಿರಿ, ಮೂರೂ ತಪ್ಪಿತು ಎಂದು ಅವ್ವ ಬರೆದಿದ್ದಾರೆ. ನನಗೆ ಬುದ್ಧಿ ಬಂದ ಮೇಲೆ ನಿಮ್ಮ ಗುಂಡು ತಪ್ಪಿದ್ದು ನೋಡಿಲ್ಲ. ನಳಿಗೆ ಬಗ್ಗಿದೆ, ನಡುವಿನ ಪಟ್ಟಿ ತುದಿಯಲ್ಲಿ ಡೊಂಕಾಗಿ ಕಾಣುತ್ತದೆ ಅಂದಿರಂತೆ. ವಿರಾಜಪೇಟೆಯ ಕೋವಿ ರಿಪೇರಿಯವರು ನೋಡಿ ನೆಟ್ಟಗೇ ಇದೆ ಅಂದರೆ ಅವರನ್ನೂ ನಂಬಲಿಲ್ಲವಂತೆ. ಈಗ ಮೈಸೂರಿಗೆ ಒಯ್ದು ತೋರಿಸಬೇಕು ಅಂತ ಕೂತಿದ್ದೀರಂತೆ.

ಆ ಕಾಗದ ಓದಿದಾಗ ಮೊದಲು ನನಗೂ ಕೋವಿಯದೇ ಚಿಂತೆ ಹತ್ತಿತು. ಅಜ್ಜನ ಕೈಯಿಂದ ಬಂದ ಕೋವಿ. ನಾನು ಹನ್ನೊಂದನೇ ವಯಸ್ಸಿನಲ್ಲಿ ಭುಜಕ್ಕೆ ಒರಗಿಸಿಕೊಂಡು ಹಿಂದಕ್ಕೆ ಬಿದ್ದು, ನೀವು ಎತ್ತಿ ನಿಲ್ಲಿಸಿ ಮತ್ತೆ ಹೊಡೆಸಿದ ಕೋವಿ. ಹಾಗಾಗಿ ಈ ಸಲ ಇಲ್ಲಿಯ ಕೋವಿ ಸಂತೆಗೆ ಹೋಗುವಾಗ ಅವ್ವನ ಕಾಗದವನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡೇ ಹೋದೆ. ಬಲ್ಲವರನ್ನು ಕೇಳಿ ನಿಮಗೆ ಸರಿಯಾದ ಉತ್ತರ ಬರೆಯೋಣ ಅಂತ.

ಅವ್ವ, ನೀವು ಹೆದರಬೇಡಿ. ಕೋವಿ ಸಂತೆ ಅಂದರೆ ಗಲಾಟೆಯ ಜಾಗ ಅಲ್ಲ. ಬಾಗಿಲಲ್ಲೇ ಪ್ರತಿ ಕೋವಿಯನ್ನೂ ತೆರೆದು ನೋಡುತ್ತಾರೆ. ತೋಟಾ ಇಲ್ಲ ಅಂತ ಖಚಿತವಾದ ಮೇಲೆ ಪ್ಲಾಸ್ಟಿಕ್ ಪಟ್ಟಿ ಬಿಗಿದು ಒಳಗೆ ಬಿಡುತ್ತಾರೆ. ಗಂಡ, ಹೆಂಡತಿ, ಮಕ್ಕಳು, ಅಜ್ಜ, ಅಜ್ಜಿ ಎಲ್ಲರೂ ಬರುತ್ತಾರೆ. ಗಾಲಿಕುರ್ಚಿಯಲ್ಲಿ ಕೂತು ಬಂದ ಮುದುಕರೂ ಇದ್ದರು. ನಾನು ಒಬ್ಬಳೇ ಹೋಗಲಿಲ್ಲ, ಆಫೀಸಿನ ಗೆಳತಿ ಮತ್ತು ಅವಳ ಗಂಡ ಜೊತೆಗಿದ್ದರು.

ವರ್ಷಕ್ಕೆ ಎರಡು ಸಲ ನಡೆಯುತ್ತದೆ, ಏಪ್ರಿಲ್‌ನಲ್ಲಿ ಒಂದು, ನವೆಂಬರ್‌ನಲ್ಲಿ ಒಂದು. ವಾನನ್‌ಮಾಕರ್ಸ್ ಟಲ್ಸಾ ಆರ್ಮ್ಸ್ ಶೋ ಅಂತ ಹೆಸರು. 1955ರಿಂದ ನಡೆದುಕೊಂಡು ಬಂದಿದೆಯಂತೆ. ಒಂದೇ ಸೂರಿನಡಿ 11 ಎಕರೆ ಜಾಗ, ಅಪ್ಪ! ನಮ್ಮ ಮನೆ ಮುಂದಿನ ಗದ್ದೆ ಬಯಲು ಪೂರ್ತಿ ಮಾಡಿನ ಕೆಳಗೆ ಬಂದ ಹಾಗೆ ಅಂದುಕೊಳ್ಳಿ. ಮೇಜುಗಳೇ ನಾಲ್ಕು ಸಾವಿರದ ಮೇಲೆ. ಹೊರಗೆ ಗೋಲ್ಡನ್ ಡ್ರಿಲ್ಲರ್ ಅಂತ ಒಂದು ಬೃಹತ್ ಮನುಷ್ಯನ ಪ್ರತಿಮೆ ಇದೆ, 75 ಅಡಿಗೂ ಎತ್ತರ. ಎಣ್ಣೆ ಬಾವಿ ಕೊರೆಯುವ ಕೆಲಸಗಾರನ ಪ್ರತಿಮೆ. ಈ ಊರು ಬೆಳೆದಿದ್ದೇ ಎಣ್ಣೆಯಿಂದ.

ಬೆಳಗ್ಗೆ ಒಂಬತ್ತಕ್ಕೆ ಒಳಗೆ ಹೋದವಳು ಸಂಜೆ ಹೊರಗೆ ಬಂದೆ. ಕಾಲು ನೋವು ಗೊತ್ತೇ ಆಗಲಿಲ್ಲ. ವಿಂಚೆಸ್ಟರ್ ಲೀವರ್ ರೈಫಲ್‌ಗಳು ಸಾಲು ಸಾಲಾಗಿ, 1873ರ ಮಾದರಿಯವು. ಒಂದರ ಮರದ ಮೇಲೆ ಯಾರದೋ ಕೈ ಬೆವರಿನ ಗುರುತು ಹಾಗೇ ಉಳಿದಿತ್ತು. ಅಂತಹವನ್ನು ಉಜ್ಜಿ ಪಾಲಿಶ್ ಮಾಡಿದರೆ ಬೆಲೆ ಬಿದ್ದು ಹೋಗುತ್ತದಂತೆ. ಎಷ್ಟು ಸರಿ ಅಲ್ವಾ? ನಮ್ಮಲ್ಲಿ ಕೆಲವರು ಹಳೇ ಕೋವಿಗೆ ವಾರ್ನಿಶ್ ಬಳಿಯುತ್ತಾರೆ, ನನಗೆ ಹೊಟ್ಟೆ ಉರಿಯುತ್ತದೆ.

ಇನ್ನೊಂದು ಮೇಜಿನ ಮುಂದೆ ನಿಂತವಳಿಗೆ ಕಣ್ಣಲ್ಲಿ ನೀರು ಬಂತು. ಒಂದು ರೈಫಲ್ ಇತ್ತು, ಅದರ ಮೇಲೆ ಆರ್‌ಎಫ್‌ಐ ಅಂತ ಮುದ್ರೆ. ರೈಫಲ್ ಫ್ಯಾಕ್ಟರಿ ಇಶಾಪುರ! ಬಂಗಾಳದಲ್ಲಿ ತಯಾರಾಗಿ, ನಮ್ಮ ಸೈನ್ಯದ ಕೆಲಸ ಮುಗಿಸಿ ಇಲ್ಲಿಗೆ ಬಂದು ಕೂತಿದೆ. ದೊಡ್ಡಪ್ಪ 1965ರ ಯುದ್ಧದಲ್ಲಿ ಹೊತ್ತು ನಡೆದಿದ್ದೂ ಇದೇ ಜಾತಿಯದು, ಅಲ್ವಾ? ಮೇಜಿನವರಿಗೆ ದೊಡ್ಡಪ್ಪನ ವಿಷಯ ಹೇಳಿದೆ. ಅವರು ಟೋಪಿ ತೆಗೆದು ಕೇಳಿಸಿಕೊಂಡರು.

ಇಂಡಿಯಾದಲ್ಲಿ ಕೋವಿ ಇಟ್ಟುಕೊಳ್ಳಲು ಬಿಡುವುದೇ ಇಲ್ಲವಂತೆ ಅಂತ ಒಬ್ಬರು ಕೇಳಿದರು. ನಾನು ಬಿಡಲಿಲ್ಲ. ಬೇರೆಯವರಿಗೆ ಲೈಸೆನ್ಸ್ ಬೇಕು, ನಮ್ಮ ಕೊಡವರಿಗೂ ವಂಶಪಾರಂಪರ್ಯವಾಗಿ ಬಂದ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ವಿನಾಯಿತಿ ಇದೆ, 2021ರಲ್ಲಿ ನಮ್ಮ ಹೈಕೋರ್ಟ್ ಕೂಡ ಅದನ್ನು ಎತ್ತಿಹಿಡಿದಿದೆ ಅಂತ ಹೇಳಿದೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು, ಅದನ್ನು ಕೇಳಿಯೇ ಊರಿಗೆ ಸುದ್ದಿ ಗೊತ್ತಾಗುತ್ತಿತ್ತು ಅಂದೆ. ವರ್ಷಕ್ಕೊಮ್ಮೆ ಕೋವಿಯನ್ನು ತೊಳೆದು, ತೋಕ್ ಪೂ ಅಂದರೆ ಕೋವಿ ಹೂ ಮುಡಿಸಿ, ದೀಪ ಇಟ್ಟು ಕೈ ಮುಗಿಯುತ್ತೇವೆ ಅಂದೆ. ಅವರು ಪಕ್ಕದ ಮೇಜಿನವರನ್ನೂ ಕರೆದರು. ನಾಲ್ಕೈದು ಜನ ಸುತ್ತ ನಿಂತು ಕೇಳಿದರು. ಇಲ್ಲಿ ಸಾವಿರಾರು ಕೋವಿ ಇವೆ, ಕೈ ಮುಗಿಯುವವರು ಯಾರೂ ಇಲ್ಲ. ಆ ಹೊತ್ತಿನಲ್ಲಿ ನನಗೆ ನಮ್ಮ ಮನೆಯ ನಡುಕೋಣೆ ನೆಲ್ಲಕ್ಕಿ ಬಾಡೆಯ ದೀಪದ ನೆನಪು ಬಹಳ ಕಾಡಿತು.

ಅವ್ವ ಕೇಳುವ ಮೊದಲೇ ಹೇಳುತ್ತೇನೆ, ನಾನು ಏನೂ ಕೊಂಡಿಲ್ಲ. ನನ್ನ ವೀಸಾದವರು ಇಲ್ಲಿ ಕೋವಿಯನ್ನಾಗಲಿ ತೋಟಾವನ್ನಾಗಲಿ ಇಟ್ಟುಕೊಳ್ಳುವಂತಿಲ್ಲ. ಬೇಟೆಯ ಲೈಸೆನ್ಸ್ ಮಾಡಿಸಿಕೊಂಡವರಂತಹ ಕೆಲವರಿಗೆ ಮಾತ್ರ ವಿನಾಯಿತಿ. ನಾನು ಮಾಡಿಸಿಲ್ಲ. ಆದ್ದರಿಂದ ಎರಡೂ ಕೈ ಹಿಂದೆ ಕಟ್ಟಿಕೊಂಡೇ ನೋಡಿದೆ. ನಿಜವಾಗಿ ಹೇಳುತ್ತೇನೆ, ಒಂದನ್ನೂ ಮುಟ್ಟಲಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ.

ಹಿಂದಿನ ಸಾಲಿನಲ್ಲಿ ಬರೀ ಇಂಗ್ಲೆಂಡಿನ ಜೋಡಿ ನಳಿಗೆ ಕೋವಿಗಳನ್ನೇ ಇಟ್ಟುಕೊಂಡ ಒಬ್ಬ ಅಜ್ಜ ಇದ್ದರು. ಎಂಬತ್ತರ ಹತ್ತಿರದ ವಯಸ್ಸು. ನಮ್ಮ ಕೋವಿಯ ಫೋಟೋ ತೋರಿಸಿದೆ. ನಳಿಗೆಯ ಮುದ್ರೆ ನೋಡುತ್ತಲೇ ಬರ್ಮಿಂಗ್‌ಹ್ಯಾಮ್ ಅಂದರು. ಅಲ್ಲಿ 1813ರಿಂದ ಕೋವಿ ಪರೀಕ್ಷೆಯ ಮನೆ ಇದೆ, ಜಾಸ್ತಿ ಮದ್ದು ತುಂಬಿ ಹೊಡೆದು ನೋಡಿ, ತಡೆದುಕೊಂಡ ನಳಿಗೆಗೆ ಮಾತ್ರ ಆ ಮುದ್ರೆ ಒತ್ತುತ್ತಾರೆ. ನಮ್ಮ ಅಜ್ಜನ ಕೋವಿ ಆ ಪರೀಕ್ಷೆ ದಾಟಿ ಬಂದದ್ದು ಅಂತ ತಿಳಿದು ಎಷ್ಟು ಹೆಮ್ಮೆಯಾಯಿತು!

ನಳಿಗೆ ಬಗ್ಗಿದೆಯೋ ಇಲ್ಲವೋ ಹೇಗೆ ನೋಡುವುದು ಅಂತ ಕೇಳಿದೆ. ಅವರು ಒಂದು ಕೋವಿಯ ನಳಿಗೆ ಬಿಚ್ಚಿ, ಬೆಳಕಿನ ಕಡೆಗೆ ಹಿಡಿದು ತೋರಿಸಿದರು. ಕಿಟಕಿಯ ಚೌಕಟ್ಟಿನ ಹಾಗೆ ಯಾವುದಾದರೂ ನೇರವಾದ ಅಂಚಿನ ಕಡೆಗೆ ಹಿಡಿದು ಒಳಗೆ ನೋಡಬೇಕು. ಆ ಅಂಚಿನ ನೆರಳು ನಳಿಗೆಯ ಒಳಗೆ ಉದ್ದಕ್ಕೆ ಬೀಳುತ್ತದೆ. ಗೆರೆ ನೆಟ್ಟಗಿದ್ದರೆ ನಳಿಗೆ ನೆಟ್ಟಗಿದೆ. ಎಲ್ಲಾದರೂ ಮುರಿದು ಕಂಡರೆ ಅಲ್ಲಿ ಬಾಗಿದೆ. ಹಳೇ ಕಾಲದ ಕೆಲಸಗಾರರು ಹೀಗೇ ನೋಡಿ ಸುತ್ತಿಗೆಯಲ್ಲಿ ತಟ್ಟಿ ಸರಿ ಮಾಡುತ್ತಿದ್ದರಂತೆ.

ನನಗೆ ಎದೆ ಧಸಕ್ ಅಂದಿತು. ಅವ್ವನ ಕಾಗದದಲ್ಲಿ ಇದೇ ಇತ್ತು. ವಿರಾಜಪೇಟೆಯವರು ನಳಿಗೆ ಬಿಚ್ಚಿ ಬಾಗಿಲ ಕಡೆ ಹಿಡಿದು ನೋಡಿದರು, ನೆಟ್ಟಗಿದೆ ಅಂದರು, ಬೋಪುವಿಗೂ ನೆಟ್ಟಗೇ ಕಂಡಿತು, ನಿಮಗೆ ಮಾತ್ರ ಡೊಂಕು ಕಂಡಿತು ಅಂತ. ಅವರು ಮಾಡಿದ್ದು ಸರಿಯಾದ ಪರೀಕ್ಷೆಯೇ. ಕೋವಿ ಬಗ್ಗಿಲ್ಲ ಅಪ್ಪ. ನಿಮ್ಮ ಬಲಗಣ್ಣು ಡೊಂಕು ತೋರಿಸುತ್ತಿದೆ.

ಗೆಳತಿಯ ಗಂಡ ಕಣ್ಣಿನ ಡಾಕ್ಟರು. ಅಲ್ಲೇ ಒಂದು ಮೂಲೆಗೆ ಕರೆದು ಕೇಳಿದೆ. ಎಷ್ಟು ವರ್ಷದಿಂದ ಸಕ್ಕರೆ ಕಾಯಿಲೆ ಅಂತ ಮೊದಲು ಕೇಳಿದರು. ಹದಿನಾಲ್ಕು ಅಂದೆ. ಕಣ್ಣಿನ ಹಿಂಭಾಗದ ಪರದೆಯಲ್ಲಿ ಕೂದಲಿಗಿಂತ ಸಣ್ಣ ರಕ್ತನಾಳಗಳು ಇರುತ್ತವೆ, ಸಕ್ಕರೆಯಿಂದ ಅವು ಸೋರಲು ಶುರುವಾಗುತ್ತವೆ, ಪರದೆಯ ನಡುಭಾಗ ಊದಿಕೊಂಡರೆ ನೇರ ಗೆರೆ ಬಳುಕಿದಂತೆ ಕಾಣುತ್ತದೆ ಅಂದರು. ನೋವು ಇರುವುದಿಲ್ಲ. ಅದಕ್ಕೇ ಜನ ತಡ ಮಾಡುತ್ತಾರೆ. ಪರೀಕ್ಷೆ ಮಾಡದೆ ಇದೇ ಕಾಯಿಲೆ ಅಂತ ಹೇಳಲಾಗದು, ಬೇರೆ ಕಾರಣವೂ ಇರಬಹುದು, ಆದರೆ ಇದನ್ನು ಮುಂದಕ್ಕೆ ಹಾಕಬಾರದು ಅಂದರು. ಇಂಜೆಕ್ಷನ್ ಇದೆ, ಲೇಸರ್ ಇದೆ. ಬೇಗ ಹೋದರೆ ಇರುವ ದೃಷ್ಟಿಯನ್ನು ಉಳಿಸಿಕೊಳ್ಳಬಹುದು. ತಡವಾದರೆ ಹೋದದ್ದು ಪೂರ್ತಿ ವಾಪಸ್ ಬರುವುದು ಕಷ್ಟ.

ಈ ಕಾಗದ ಕೆಳಗಿಟ್ಟು ಒಂದು ಕೆಲಸ ಮಾಡಿ. ಒಂದು ಕೈಯಿಂದ ಎಡಗಣ್ಣು ಮುಚ್ಚಿ, ಬಲಗಣ್ಣಿನಿಂದ ಮಾತ್ರ ಬಾಗಿಲ ಚೌಕಟ್ಟು ನೋಡಿ. ಆಮೇಲೆ ಬಲಗಣ್ಣು ಮುಚ್ಚಿ ನೋಡಿ. ಚೌಕಟ್ಟನ್ನಂತೂ ಯಾರೂ ಬಗ್ಗಿಸಿಲ್ಲ, ಅಲ್ವಾ? ಕಂಡದ್ದನ್ನು ಅವ್ವನಿಗೆ ನಿಜ ಹೇಳಿ.

ಕಣ್ಣ ಮುಂದೆ ಇದ್ದಕ್ಕಿದ್ದಂತೆ ಕಪ್ಪು ಚುಕ್ಕೆ ಹಾರಾಡಿದರೆ, ಮಿಂಚು ಹೊಡೆದ ಹಾಗಾದರೆ, ಪರದೆ ಇಳಿದ ಹಾಗೆ ಕಂಡರೆ ಅದೇ ದಿನ ಹೊರಡಬೇಕು. ರಾತ್ರಿಯಾದರೂ ಸರಿ.

ಕಾಫಿ ಕೊಯ್ಲು ಶುರುವಾಗಿದೆ, ಆಳು ಸಿಗುವುದಿಲ್ಲ, ಪುತ್ತರಿ ಹಬ್ಬ ಬಂತು ಅಂತ ನೀವು ಹೇಳುತ್ತೀರಿ. ನನಗೆ ಗೊತ್ತು. ಕೊಯ್ಲಿಗೆ ಬೋಪು ನಿಲ್ಲುತ್ತಾನೆ. ಎರಡು ದಿನ ನೀವು ತೋಟದಲ್ಲಿ ಇಲ್ಲದಿದ್ದರೆ ಹಣ್ಣು ಉದುರಿ ಹೋಗುವುದಿಲ್ಲ. ದುಡ್ಡಿನ ಯೋಚನೆ ಬೇಡ. ಶುಕ್ರವಾರವೇ ಬೋಪುವಿನ ಖಾತೆಗೆ ಹಾಕಿದ್ದೇನೆ, ಇನ್ನೂ ಬೇಕಾದರೆ ಹಾಕುತ್ತೇನೆ. ಮೆಣಸು ಈಗಲೇ ಮಾರಲು ಹೋಗಬೇಡಿ. ಹೇಗೂ ಮೈಸೂರಿಗೆ ಹೋಗಬೇಕು ಅಂದುಕೊಂಡಿದ್ದೀರಿ. ಹೋಗಿ, ಆದರೆ ಕೋವಿ ಮನೆಯಲ್ಲೇ ಇರಲಿ. ಬೋಪು ಕಾರು ಓಡಿಸಲಿ. ಕಣ್ಣಿಗೆ ಹನಿ ಹಾಕಿ ನೋಡುತ್ತಾರೆ, ಆಮೇಲೆ ಕೆಲವು ಗಂಟೆ ಎಲ್ಲವೂ ಮಬ್ಬಾಗಿರುತ್ತದೆ, ಅದಕ್ಕೆ ಗಾಬರಿ ಬೇಡ. ಕಪ್ಪು ಕನ್ನಡಕ ತೆಗೆದುಕೊಂಡು ಹೋಗಿ. ಸಕ್ಕರೆಯ ಹಳೇ ಚೀಟಿಗಳೂ ಮಾತ್ರೆಗಳೂ ಅವ್ವನ ಚೀಲದಲ್ಲಿರಲಿ.

ಈ ಸಲ ಪುತ್ತರಿಯ ಕದಿರು ತೆಗೆಯುವಾಗ ಗುಂಡು ಬೋಪು ಹೊಡೆಯಲಿ. ಇದು ಹೇಳಲು ನನಗೆ ಬಹಳ ಸಂಕಟವಾಗುತ್ತದೆ. ಆದರೆ ಕತ್ತಲು, ಗದ್ದೆ ತುಂಬ ಮಕ್ಕಳು, ನಿಮಗೆ ಸರಿಯಾಗಿ ಕಾಣುವುದಿಲ್ಲ. ಕೋವಿ ಹಿಡಿಯುವವರು ಮೊದಲು ತಮ್ಮ ಕಣ್ಣನ್ನು ನಂಬಬೇಕು ಅಂತ ನನಗೆ ಹೇಳಿಕೊಟ್ಟವರು ನೀವೇ.

ಇನ್ನೊಂದು ನೋಡಿದೆ, ಅದನ್ನು ನಿಮಗೆ ಹೇಳಲೇಬೇಕು. ಅದೇ ಅಜ್ಜನ ಮೇಜಿನ ತುದಿಯಲ್ಲಿ ವಿಚಿತ್ರವಾದ ಒಂದು ಕೋವಿ ಇತ್ತು. ಹಿಂಭಾಗದ ಮರ ಬಲ ಭುಜಕ್ಕೇ ಕೂರುತ್ತದೆ, ಅಲ್ಲಿಂದ ಹಾವಿನ ಹಾಗೆ ಎಡಕ್ಕೆ ಬಳುಕಿ ಹೋಗಿ, ನಳಿಗೆ ಎಡಗಣ್ಣಿನ ನೇರಕ್ಕೆ ಬರುತ್ತದೆ. ಬಲಗಣ್ಣು ಕಳೆದುಕೊಂಡವರಿಗಾಗಿ ಇಂಗ್ಲೆಂಡಿನಲ್ಲಿ ಇಂತಹವನ್ನು ಮಾಡುತ್ತಿದ್ದರಂತೆ. ಅಜ್ಜ ಭುಜಕ್ಕೆ ಏರಿಸಿ ತೋರಿಸಿದರು. ಮಾರುವುದಿಲ್ಲವಂತೆ, ಸುಮ್ನೆ ಜನ ನೋಡಲಿ ಅಂತ ತಂದಿಡುತ್ತಾರಂತೆ. ಯಾರೋ ಒಬ್ಬರು ಒಂದು ಕಣ್ಣು ಹೋದ ಮೇಲೂ ಹಕ್ಕಿ ಹೊಡೆಯುವುದನ್ನು ಬಿಡಲಿಲ್ಲ. ನಾನು ಅದರ ಮುಂದೆ ಬಹಳ ಹೊತ್ತು ನಿಂತಿದ್ದೆ. ನಿಮಗೆ ಅದು ಬೇಕಾಗುವುದಿಲ್ಲ, ಖಂಡಿತ ಬೇಕಾಗುವುದಿಲ್ಲ, ನಿಮ್ಮ ಕಣ್ಣು ಉಳಿಯುತ್ತದೆ. ಆದರೆ ಡಾಕ್ಟರು ಏನೇ ಹೇಳಿದರೂ ಕೋವಿ ನಿಮ್ಮ ಕೈ ಬಿಟ್ಟು ಹೋಗುವುದಿಲ್ಲ ಅಂತ ತಿಳಿಸಲು ಬರೆದೆ. ಬೇಕಾದರೆ ಎಡ ಭುಜದಲ್ಲಿ ಹೊಡೆಯಲು ನಾನೇ ಬಂದು ಕಲಿಸುತ್ತೇನೆ.

ಬೆಪ್ಪುನಾಡಿನ ಮಾವನಿಗೂ ಒಂದು ಮಾತು ಹೇಳಿ. ಅವರ ಹಳೇ ಕೋವಿಯ ನಳಿಗೆಯಲ್ಲಿ ಚಾಪೆ ಹೆಣೆದ ಹಾಗೆ ಗೆರೆಗಳಿವೆ, ನೆನಪಿದೆಯಾ? ಅದು ಡಮಾಸ್ಕಸ್ ನಳಿಗೆ, ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದು ಮಾಡಿದ್ದು. ಕರಿಮದ್ದಿನ ಕಾಲದ್ದು. ಈಗಿನ ತೋಟಾ ಹಾಕಿದರೆ ಸಿಡಿಯಬಹುದು. ಪೂಜೆಗೆ ಮಾತ್ರ ಇರಲಿ.

ಊಟಕ್ಕೆ ತೊಂದರೆ ಇಲ್ಲ. ಸಂತೆಯಲ್ಲಿ ಹೊಗೆ ಹಾಕಿದ ಮಾಂಸ ತಿಂದೆ, ಚೆನ್ನಾಗಿತ್ತು, ಆದರೆ ನಮ್ಮ ಪಂದಿ ಕರಿಯ ಹತ್ತಿರ ಬರುವುದಿಲ್ಲ. ಚಳಿ ಇದೆ, ಕೋಟು ಇದೆ. ಕೆಮ್ಮು ಪೂರ್ತಿ ಹೋಗಿದೆ. ನಿದ್ದೆ ಸರಿಯಾಗಿ ಮಾಡುತ್ತೇನೆ. ನನ್ನ ಬಗ್ಗೆ ಯಾರೂ ಒಂದು ಚೂರೂ ಚಿಂತೆ ಮಾಡಬೇಡಿ. ಮದುವೆಯ ಮಾತು ಏಪ್ರಿಲ್‌ನಲ್ಲಿ ಬಂದಾಗ ಆಡೋಣ ಅವ್ವ, ಈಗ ಬೇಡ.

ಬೆಳಗ್ಗೆ ಐದಕ್ಕೆ ಗೆಳತಿ ಬೆಂಗಳೂರಿಗೆ ಹೊರಡುತ್ತಾಳೆ, ಈಗಲೇ ಅವಳ ಮನೆಗೆ ಹೋಗಿ ಇದನ್ನು ಕೊಡಬೇಕು. ಬುಧವಾರ ನಿಮ್ಮ ರಾತ್ರಿ ಎಂಟಕ್ಕೆ ಫೋನ್ ಮಾಡುತ್ತೇನೆ. ಅಷ್ಟರಲ್ಲಿ ಡಾಕ್ಟರ ದಿನ ಗೊತ್ತು ಮಾಡಿರಬೇಕು. ಬೋಪು, ಇದು ನಿನ್ನ ಜವಾಬ್ದಾರಿ.

ನಿಮ್ಮ ಮಗಳು,
ಬೊಳ್ಳು

ಬಾಗಿಲ ಚೌಕಟ್ಟು ನೋಡುವುದನ್ನು ಮರೆಯಬೇಡಿ ಅಪ್ಪ. ಒಂದೊಂದೇ ಕಣ್ಣಿನಲ್ಲಿ.